ಹಿಮದ ಹಾದಿಗೆ ಒಂದೇ ಟಯರು ಸಾಕೆ?

ಮೋಟಾರು ಗಾಡಿ ಎಷ್ಟೇ ದೊಡ್ಡದಾಗಿರಲಿ, ಅದರ ಯಂತ್ರ ಎಷ್ಟೇ ಬಲಶಾಲಿಯಾಗಿರಲಿ, ಅದು ನೆಲವನ್ನು ಮುಟ್ಟುವುದು ನಾಲ್ಕೇ ನಾಲ್ಕು ಕಡೆ. ಒಂದೊಂದು ಕಡೆಯೂ ಹೆಚ್ಚು ಕಡಿಮೆ ಅಂಗೈಯಗಲ ಜಾಗ. ಓಡುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಆ ನಾಲ್ಕು ಅಂಗೈಗಳ ಹಿಡಿತವನ್ನು ನಂಬಿಕೊಂಡಿವೆ. ಬೆಂಗಳೂರಿನಲ್ಲಿ ಕಾರು ಓಡಿಸುವವರಿಗೆ, ಮಳೆಗಾಲದ ಕೆಲವು ದಿನಗಳ ಹೊರತು, ಈ ಮಾತು ನೆನಪಾಗುವ ಸಂದರ್ಭವೇ ಬಾರದು. ಟಯರೆಂದರೆ ಸವೆಯುವವರೆಗೆ ಓಡಿಸುವ ವಸ್ತು, ಅಷ್ಟೆ. ಆದರೆ ಅದೇ ಬೆಂಗಳೂರಿನಿಂದ ಹೋಗಿ ಕೆನಡಾದ ಕ್ಯಾಲ್ಗರಿಯಲ್ಲೋ ಎಡ್ಮಂಟನ್ನಿನಲ್ಲೋ ಸಂಸಾರ ಹೂಡಿದ ಕನ್ನಡಿಗನಿಗೆ ಅಕ್ಟೋಬರು ತಿಂಗಳು ಬಂತೆಂದರೆ ಹೊಸದೊಂದು ಚಿಂತೆ. ಬೇಸಗೆಯ ಟಯರುಗಳನ್ನು ಬಿಚ್ಚಿಸಿ ಚಳಿಗಾಲದ ಟಯರುಗಳನ್ನು ಹಾಕಿಸಬೇಕು. ಏಪ್ರಿಲಿನಲ್ಲಿ ಮತ್ತೆ ಅದೇ ಕೆಲಸ, ಅದೇ ಖರ್ಚು.

ಈ ತಾಪತ್ರಯದಿಂದ ಬಿಡುಗಡೆ ನೀಡುವುದಾಗಿ ಅಂಗಡಿಯವನು ಮುಂದೊಡ್ಡುವ ಸರಕೇ ‘ಆಲ್ ಟೆರೇನ್’ ಟಯರು. ಹೆಸರೇ ಹೇಳುವಂತೆ ಎಲ್ಲ ಬಗೆಯ ನೆಲಕ್ಕೂ ಒಗ್ಗುವ ಟಯರು ಇದು. ನಮ್ಮ ಗ್ಯಾರೇಜುಗಳಲ್ಲಿ ‘ಬಟನ್’ ಎಂದು ಕರೆಯುವ ರಬ್ಬರಿನ ಉಬ್ಬುಗಳು ಇದರಲ್ಲಿ ದೊಡ್ಡವು. ಅವುಗಳ ನಡುವಣ ಸಂದುಗಳು ಅಗಲವಾದವು, ಆಳವಾದವು. ಬದಿಗಳು ಕಲ್ಲೇಟನ್ನು ತಡೆಯುವಷ್ಟು ದಪ್ಪ. ನೋಡಿದೊಡನೆ ಇದು ಹಿಮವನ್ನಲ್ಲ, ಹಿಮಾಲಯವನ್ನೇ ಹತ್ತಬಲ್ಲದು ಎನಿಸುತ್ತದೆ. ಒಮ್ಮೆ ಹಾಕಿಸಿದರೆ ಹನ್ನೆರಡು ತಿಂಗಳೂ ನಿಶ್ಚಿಂತೆಯಿಂದಿರಬಹುದಲ್ಲವೆ?

ಈ ಪ್ರಶ್ನೆಗೆ ಉತ್ತರ ‘ಹೌದು’ ಎಂದೂ ಅಲ್ಲ, ‘ಇಲ್ಲ’ ಎಂದೂ ಅಲ್ಲ. ಅದು ಆ ಸಂಸಾರ ಯಾವ ಹಾದಿಯಲ್ಲಿ ಓಡಾಡುತ್ತದೆ ಎಂಬುದನ್ನು ಹೊಂದಿಕೊಂಡಿದೆ. ಅದನ್ನು ತಿಳಿಯಬೇಕಾದರೆ ಮೊದಲು ರಬ್ಬರಿನ ಗುಣವನ್ನೂ ಹಿಮದ ಗುಣವನ್ನೂ ಸ್ವಲ್ಪ ಅರಿಯಬೇಕು.

ರಬ್ಬರು ಚಳಿಗೆ ಬಿರುಸಾಗುತ್ತದೆ. ಬೇಸಗೆಗೆಂದು ಹದಗೊಳಿಸಿದ ರಬ್ಬರು ಸುಮಾರು ೭ ಡಿಗ್ರಿ ಸೆಲ್ಸಿಯಸ್ಸಿನಿಂದ ಕೆಳಕ್ಕೆ ತನ್ನ ಮೆದುತನವನ್ನು ಕಳೆದುಕೊಳ್ಳತೊಡಗುತ್ತದೆ. ಶೂನ್ಯಕ್ಕಿಂತ ೨೦ ಡಿಗ್ರಿ ಕೆಳಗೆ ಹೋದಾಗ ಅದು ರಸ್ತೆಯ ಸಣ್ಣ ಸಣ್ಣ ಒರಟುಗಳೊಳಕ್ಕೆ ಇಳಿದು ಹಿಡಿಯುವುದನ್ನು ಬಿಟ್ಟು ಮರದ ಕೊರಡಿನಂತೆ ಜಾರುತ್ತದೆ. ಚಳಿಗಾಲದ ಟಯರಿಗೆ ಬಳಸುವ ರಬ್ಬರಿನ ಪಾಕವೇ ಬೇರೆ. ಕಡುಚಳಿಯಲ್ಲಿಯೂ ಅದು ಮೆತ್ತಗೆ ಉಳಿಯುತ್ತದೆ. ಆದರೆ ಅದೇ ಮೆದುತನ ಜುಲೈ ತಿಂಗಳ ಬಿಸಿ ಡಾಂಬರಿನ ಮೇಲೆ ಅದಕ್ಕೆ ಮುಳುವಾಗಿ ಟಯರು ಬೇಗ ಸವೆದುಹೋಗುತ್ತದೆ. ವರ್ಷವಿಡೀ ಒಂದೇ ಟಯರು ಎಂಬ ಆಸೆಗೆ ಎದುರಾಗುವ ಮೊದಲನೆಯ ತೊಡಕು ಇದು.

ಎರಡನೆಯದು, ಹಿಮ ಬೇರೆ, ನೀರ್ಗಲ್ಲು ಬೇರೆ. ನಾವು ಎರಡನ್ನೂ ‘ಮಂಜು’ ಎಂದು ಸಲೀಸಾಗಿ ಹೇಳಿಬಿಡುತ್ತೇವೆ. ಟಯರಿಗೆ ಅವು ಎರಡು ಲೋಕಗಳು. ಹೊಸದಾಗಿ ಬಿದ್ದ ಹಿಮ ಟಯರಿನ ಸಂದುಗಳಲ್ಲಿ ತುಂಬಿ ಒತ್ತಿಕೊಳ್ಳುತ್ತದೆ. ಹಿಮಕ್ಕೆ ಹಿಮ ಅಂಟುವುದು ಸಹಜ. ಹಿಮದುಂಡೆ ಕಟ್ಟಿ ಆಡುವ ಮಕ್ಕಳಿಗೂ ಇದು ಗೊತ್ತು. ಹೀಗೆ ಸಂದಿನಲ್ಲಿ ತುಂಬಿದ ಹಿಮವೇ ನೆಲದ ಹಿಮವನ್ನು ಕಚ್ಚಿ ಗಾಡಿಯನ್ನು ಮುಂದಕ್ಕೆ ಒಯ್ಯುತ್ತದೆ. ಈ ಕೆಲಸದಲ್ಲಿ ಆಲ್ ಟೆರೇನ್ ಟಯರು ನಿಜವಾಗಿಯೂ ಗಟ್ಟಿಗ. ಆದರೆ ನೀರ್ಗಲ್ಲಿನ ಮೇಲೆ ಕಚ್ಚುವುದಕ್ಕೆ ಏನೂ ಇಲ್ಲ. ಅಲ್ಲಿ ಬೇಕಾದದ್ದು ಮೆತ್ತನೆಯ ರಬ್ಬರು, ನೆಲಕ್ಕೆ ತಾಗುವ ಹೆಚ್ಚಿನ ವಿಸ್ತಾರ, ಮತ್ತು ಉಬ್ಬುಗಳ ಮೇಲೆ ಕೂದಲೆಳೆಯಂಥ ನೂರಾರು ಸೀಳುಗಳು. ದೊಡ್ಡ ಬಿರುಸು ಬಟನ್ನುಗಳೂ ಅಗಲವಾದ ಸಂದುಗಳೂ ಅಲ್ಲಿ ಗುಣವಲ್ಲ, ದೋಷ. ಉಷ್ಣತೆ ಶೂನ್ಯದ ಆಸುಪಾಸಿನಲ್ಲಿದ್ದಾಗಲಂತೂ ನೀರ್ಗಲ್ಲಿನ ಮೇಲೆ ನೀರಿನ ತೆಳುಪೊರೆ ಇರುವುದರಿಂದ, ಕಡುಚಳಿಯ ದಿನಕ್ಕಿಂತಲೂ ಆಗಲೇ ಹೆಚ್ಚು ಅಪಾಯ.

ಆ ಕೂದಲೆಳೆಯ ಸೀಳುಗಳಿಗೆ ಇಂಗ್ಲಿಷಿನಲ್ಲಿ ‘ಸೈಪ್’ ಎಂಬ ಹೆಸರು ಬಂದದ್ದು ಜಾನ್ ಸೈಪ್ ಎಂಬ ಅಮೆರಿಕನನಿಂದ. ಕಸಾಯಿಖಾನೆಯ ಒದ್ದೆ ನೆಲದ ಮೇಲೆ ಜಾರಿ ಬೀಳುವುದನ್ನು ತಪ್ಪಿಸಲು ಆತ ತನ್ನ ಬೂಟಿನ ಅಟ್ಟೆಯನ್ನು ಅಡ್ಡಡ್ಡವಾಗಿ ಸೀಳಿಕೊಂಡನೆಂದು ಕಥೆ. ೧೯೨೩ರಲ್ಲಿ ಅವನಿಗೆ ಇದರ ಪೇಟೆಂಟು ದೊರೆಯಿತು. ಚಳಿಗಾಲಕ್ಕೆಂದೇ ಟಯರನ್ನು ರೂಪಿಸಿದ ಕೀರ್ತಿ ಮಾತ್ರ ಫಿನ್ಲೆಂಡಿನದು. ಅಲ್ಲಿಯ ನೋಕಿಯಾ ಪಟ್ಟಣದ ಕಾರ್ಖಾನೆ ೧೯೩೪ರಲ್ಲಿ ಲಾರಿಗಳಿಗೂ, ೧೯೩೬ರಲ್ಲಿ ಕಾರುಗಳಿಗೂ ಹಿಮದ ಟಯರನ್ನು ತಯಾರಿಸಿತು. ನಮ್ಮ ಜನ ಮೊಬೈಲು ಫೋನಿನಿಂದ ಪರಿಚಯ ಮಾಡಿಕೊಂಡ ಹೆಸರಿಗೆ ಅದಕ್ಕೂ ಬಹು ಹಿಂದೆಯೇ ರಬ್ಬರಿನ ವಾಸನೆ ಅಂಟಿಕೊಂಡಿತ್ತು!

ಟಯರಿಗೆ ಉಕ್ಕಿನ ಮೊಳೆ ಹೊಡೆದು ನೀರ್ಗಲ್ಲನ್ನು ಗೆಲ್ಲುವ ಉಪಾಯವೂ ಉಂಟು. ಆದರೆ ಹಿಮವಿಲ್ಲದ ದಿನ ಆ ಮೊಳೆಗಳು ರಸ್ತೆಯನ್ನೇ ಅರೆದು ಪುಡಿಮಾಡುತ್ತವೆ. ಜಪಾನಿನ ಸೆಂದಾಯ್ ನಗರದಲ್ಲಿ ಆ ಧೂಳು ಜನರ ಉಸಿರಿಗೇ ತೊಂದರೆಯಾಗಿ, ೧೯೯೦ರಲ್ಲಿ ಆ ದೇಶ ಮೊಳೆ ಟಯರಿನ ವಿರುದ್ಧ ಶಾಸನ ಮಾಡಿತು. ಮೊಳೆಯಿಲ್ಲದೆಯೇ ನೀರ್ಗಲ್ಲನ್ನು ಹಿಡಿಯುವ ಇಂದಿನ ಮೆತ್ತನೆಯ ಟಯರುಗಳು ಬೆಳೆದುಬಂದದ್ದರಲ್ಲಿ ಆ ಚಳವಳಿಯ ಪಾಲು ದೊಡ್ಡದು.

ಇನ್ನು ಟಯರಿನ ಬದಿಯಲ್ಲಿರುವ ಗುರುತುಗಳ ವಿಚಾರ. ಕೊಳ್ಳುವವರು ಮೋಸಹೋಗುವುದು ಬಹುಮಟ್ಟಿಗೆ ಇಲ್ಲಿಯೇ. ‘ಎಂ’ ಮತ್ತು ‘ಎಸ್’ ಎಂಬ ಆಂಗ್ಲ ಅಕ್ಷರಗಳಿದ್ದರೆ ಕೆಸರಿಗೂ ಹಿಮಕ್ಕೂ ಆಗುವ ಟಯರು ಎಂದು ಅರ್ಥ. ಆದರೆ ಈ ಅಕ್ಷರಗಳನ್ನು ಅಚ್ಚೊತ್ತುವುದಕ್ಕೆ ಉತ್ತರ ಅಮೆರಿಕದಲ್ಲಿ ಯಾವ ಹಿಮಪರೀಕ್ಷೆಯನ್ನೂ ದಾಟಬೇಕಾಗಿಲ್ಲ. ಸಂದುಗಳ ಅಗಲ, ವಿನ್ಯಾಸಗಳ ಲೆಕ್ಕ ಸರಿಯಿದ್ದರೆ ಸಾಕು. ಈ ಸಡಿಲವನ್ನು ಕಂಡು ೧೯೯೯ರಲ್ಲಿ ಅಮೆರಿಕ ಮತ್ತು ಕೆನಡಾಗಳ ರಬ್ಬರು ಉದ್ಯಮದವರು ಇನ್ನೊಂದು ಗುರುತನ್ನು ಬಳಕೆಗೆ ತಂದರು. ಮೂರು ಶಿಖರಗಳ ಬೆಟ್ಟ, ಅದರೊಳಗೊಂದು ಹಿಮದ ಹರಳು. ಗಟ್ಟಿಗೊಂಡ ಹಿಮದ ಮೇಲೆ ನಿಯತವಾದ ಮಾದರಿ ಟಯರಿಗಿಂತ ನೂರಕ್ಕೆ ಹತ್ತರಷ್ಟಾದರೂ ಹೆಚ್ಚು ಎಳೆತವನ್ನು ತೋರಿಸಿದ ಟಯರಿಗೆ ಮಾತ್ರ ಈ ಗುರುತು ಎಂಬುದು ಮೊದಲಿನ ಕಟ್ಟಳೆ. ಇಂದು ಅನೇಕ ಆಲ್ ಟೆರೇನ್ ಟಯರುಗಳ ಮೇಲೆಯೂ ಇದು ಕಾಣುತ್ತದೆ.

ಹಾಗಾದರೆ ಸಮಸ್ಯೆ ಬಗೆಹರಿಯಿತಲ್ಲ ಎಂದು ಹಣದ ಚೀಲ ಬಿಚ್ಚುವ ಮೊದಲು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ಪರೀಕ್ಷೆ ಅಳೆಯುವುದು ಹಿಮದ ಮೇಲೆ ಗಾಡಿ ಮುನ್ನುಗ್ಗುವ ಶಕ್ತಿಯನ್ನು. ನೀರ್ಗಲ್ಲಿನ ಮೇಲೆ ಅದು ನಿಲ್ಲಬಲ್ಲುದೆ, ತಿರುವಿನಲ್ಲಿ ಹಿಡಿತ ತಪ್ಪದೆ ಇರಬಲ್ಲುದೆ ಎಂಬುದನ್ನು ಅದು ಕೇಳುವುದೇ ಇಲ್ಲ. ಯೂರೋಪಿನಲ್ಲಿ ೨೦೨೧ರ ಮೇ ತಿಂಗಳಿನಿಂದ ಟಯರಿನ ಚೀಟಿಯ ಮೇಲೆ ನೀರ್ಗಲ್ಲಿನ ಹಿಡಿತಕ್ಕೆ ಪ್ರತ್ಯೇಕ ಗುರುತು ಬಂದಿರುವುದೂ ಈ ಕೊರತೆಯನ್ನು ಮನಗಂಡೇ.

ಮುಂದಕ್ಕೆ ಹೋಗುವುದಕ್ಕೂ ನಿಲ್ಲುವುದಕ್ಕೂ ಇರುವ ಈ ವ್ಯತ್ಯಾಸ ಪ್ರಾಣದ ಪ್ರಶ್ನೆ. ಗಂಟೆಗೆ ೫೦ ಕಿಲೋಮೀಟರು ವೇಗದಲ್ಲಿ ಹೋಗುವ ಗಾಡಿ ಒಣ ರಸ್ತೆಯಲ್ಲಿ ಬ್ರೇಕು ಒತ್ತಿದ ಮೇಲೆ ಸುಮಾರು ೧೨ ಮೀಟರಿನಲ್ಲಿ ನಿಲ್ಲುತ್ತದೆ. ನೀರ್ಗಲ್ಲಿನ ಮೇಲೆ ಘರ್ಷಣೆಯ ಮಾನ ೦.೧೦ ಎಂದು ಹಿಡಿದರೆ ಅದೇ ಗಾಡಿಗೆ ೯೮ ಮೀಟರು ಬೇಕು, ೦.೧೫ ಎಂದಾದರೆ ೬೬ ಮೀಟರು ಸಾಕು. ಶಾಲೆಯ ಮುಂದೆ ಮಕ್ಕಳು ರಸ್ತೆ ದಾಟುತ್ತಿರುವಾಗ ಆ ೩೨ ಮೀಟರುಗಳ ಬೆಲೆಯನ್ನು ಯಾವ ಅಂಗಡಿಯ ರಸೀತಿಯಲ್ಲಿಯೂ ಬರೆಯಲಾಗದು. ‘ನನ್ನದು ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿ’ ಎಂಬ ಧೈರ್ಯವೂ ಇಲ್ಲಿ ಕೆಲಸಕ್ಕೆ ಬಾರದು. ಯಂತ್ರದ ಎಳೆತ ಹೊರಡುವುದಕ್ಕೆ ಸಹಾಯಕವೇ ಹೊರತು ನಿಲ್ಲುವುದಕ್ಕಲ್ಲ; ಬ್ರೇಕು ಎಲ್ಲ ಗಾಡಿಗಳಲ್ಲಿಯೂ ನಾಲ್ಕು ಚಕ್ರಗಳಿಗೇ ಇರುತ್ತದೆ. ಸಲೀಸಾಗಿ ಹೊರಟ ಗಾಡಿ ಚಾಲಕನಿಗೆ ಹಿಡಿತವಿದೆಯೆಂಬ ಭ್ರಮೆ ಹುಟ್ಟಿಸುವುದರಿಂದ ಅಪಾಯ ಇನ್ನೂ ಹೆಚ್ಚು.

ಕ್ಯಾಲ್ಗರಿಯನ್ನೇ ನೋಡೋಣ. ಸಮುದ್ರಮಟ್ಟದಿಂದ ಬೆಂಗಳೂರಿಗಿಂತ ಕೊಂಚವೇ ಎತ್ತರದಲ್ಲಿರುವ ಆ ಊರಿಗೆ ಚಳಿಗಾಲದಲ್ಲಿ ರಾಕಿ ಪರ್ವತಗಳನ್ನು ಇಳಿದು ‘ಚಿನೂಕ್’ ಎಂಬ ಬಿಸಿಗಾಳಿ ಬೀಸುತ್ತದೆ. ಕೆಲವೇ ಗಂಟೆಗಳಲ್ಲಿ ಉಷ್ಣತೆ ಇಪ್ಪತ್ತು ಡಿಗ್ರಿಯಷ್ಟು ಏರಿ ಬೀದಿಯ ಹಿಮವೆಲ್ಲ ನೀರಾಗುವುದುಂಟು. ಗಾಳಿ ನಿಂತ ರಾತ್ರಿ ಆ ನೀರು ಮತ್ತೆ ಗಾಜಿನಂತೆ ಹೆಪ್ಪುಗಟ್ಟುತ್ತದೆ. ಮರುದಿನ ಬೆಳಗ್ಗೆ ಕಚೇರಿಗೆ ಹೊರಟವನನ್ನು ಕಾಡುವುದು ಮೊಣಕಾಲುದ್ದದ ಹಿಮವಲ್ಲ, ನಾಲ್ಕು ಬೀದಿ ಕೂಡುವಲ್ಲಿ ಥಳಥಳಿಸುವ ನೀರ್ಗಲ್ಲು. ಅಂದರೆ, ಆಲ್ ಟೆರೇನ್ ಟಯರಿನ ಶಕ್ತಿ ಬೇಡದ, ಅದರ ದೌರ್ಬಲ್ಯ ಬಯಲಾಗುವ ಜಾಗ. ಮಕ್ಕಳನ್ನು ಶಾಲೆಗೆ ಬಿಟ್ಟು, ತರಕಾರಿ ತಂದು, ವಾರಕ್ಕೊಮ್ಮೆ ಸ್ನೇಹಿತರ ಮನೆಗೆ ಹೋಗಿಬರುವ ನಗರದ ಸಂಸಾರಕ್ಕೆ ಬೇಸಗೆಗೊಂದು, ಚಳಿಗಾಲಕ್ಕೊಂದು ಎಂದು ಎರಡು ಜೊತೆಗಳೇ ಕ್ಷೇಮ. ಖರ್ಚು ಇಮ್ಮಡಿಯಾಯಿತೆಂದು ಹೆದರಬೇಕಾಗಿಲ್ಲ. ಒಂದು ಜೊತೆ ಓಡುವಾಗ ಇನ್ನೊಂದು ಮೂಲೆಯಲ್ಲಿ ವಿಶ್ರಮಿಸುವುದರಿಂದ ಎರಡಕ್ಕೂ ಆಯುಷ್ಯ ಹೆಚ್ಚು. ಚಳಿಗಾಲದ ಜೊತೆಗೆ ಬೇರೆ ರಿಮ್ಮುಗಳನ್ನೇ ಇಟ್ಟುಕೊಂಡರೆ ಪ್ರತಿ ಸಲ ಟಯರು ಬಿಚ್ಚಿ ಕೂಡಿಸುವ ಕೂಲಿಯೂ ಉಳಿಯುತ್ತದೆ.

ಆದರೆ ಊರ ಹೊರಗೆ ಹೊಲಮನೆಯಲ್ಲಿರುವವರು, ತೈಲದ ಬಾವಿಗಳಿಗೆ ಜಲ್ಲಿರಸ್ತೆಯಲ್ಲಿ ದಿನವೂ ಹೋಗಿಬರುವ ಎಂಜಿನಿಯರುಗಳು, ಭಾರ ಹೇರುವ ಪಿಕಪ್ ಗಾಡಿಯವರು ಇವರ ಮಾತು ಬೇರೆ. ಯೂಕಾನಿನಿಂದ ಇನುವಿಕ್ಕಿಗೆ ಹೋಗುವ ಡೆಂಪ್‌ಸ್ಟರ್ ಹೆದ್ದಾರಿ, ೧೯೭೯ರಲ್ಲಿ ತೆರೆದದ್ದು, ಸುಮಾರು ೭೪೦ ಕಿಲೋಮೀಟರಿನ ಜಲ್ಲಿಯ ದಾರಿ. ಅಲ್ಲಿಯ ಚೂಪುಗಲ್ಲು ಮೆತ್ತನೆಯ ಟಯರನ್ನು ಕತ್ತಿಯಂತೆ ಕೊಯ್ಯುತ್ತದೆ. ಮನುಷ್ಯರ ಸುಳಿವಿಲ್ಲದ ಕಡೆ, ಶೂನ್ಯದಿಂದ ೩೦ ಡಿಗ್ರಿ ಕೆಳಗಿನ ಚಳಿಯಲ್ಲಿ, ಟಯರು ಸಿಡಿದು ನಿಲ್ಲುವುದು ಜಾರುವುದಕ್ಕಿಂತ ಕಡಿಮೆ ಅಪಾಯವಲ್ಲ. ಇಂಥವರಿಗೆ ಬೆಟ್ಟ-ಹರಳಿನ ಗುರುತಿರುವ ಆಲ್ ಟೆರೇನ್ ಟಯರು ವರ್ಷವಿಡೀ ಯೋಗ್ಯ. ಇನ್ನೂ ದೊಡ್ಡ ಬಟನ್ನುಗಳ, ಬರಿಯ ಕೆಸರಿಗಾಗಿಯೇ ಮಾಡಿದ ಟಯರುಗಳ ಮೋಹಕ್ಕೆ ಮಾತ್ರ ಅವರೂ ಬೀಳಬಾರದು. ನೀರ್ಗಲ್ಲಿನ ಮೇಲೆ ಅವು ಆಲ್ ಟೆರೇನಿಗಿಂತಲೂ ಕಡೆ. ಪಿಕಪ್ಪಿನ ಹಿಂಭಾಗ ಖಾಲಿಯಿದ್ದರೆ ಹಿಂಚಕ್ರಗಳ ಮೇಲೆ ಭಾರವಿಲ್ಲದೆ ಅವು ಸುಮ್ಮನೆ ಸುತ್ತುತ್ತವೆ. ಆದ್ದರಿಂದ ಅನುಭವಸ್ಥರು ಒಂದೆರಡು ಮರಳುಚೀಲಗಳನ್ನು ಹಿಂದಿನ ಅಚ್ಚಿನ ಮೇಲೆ ಬರುವಂತೆ ಕಟ್ಟಿ ಇಡುತ್ತಾರೆ. ಸಿಕ್ಕಿಬಿದ್ದಾಗ ಅದೇ ಮರಳನ್ನು ಚಕ್ರದ ಕೆಳಗೆ ಚೆಲ್ಲಲೂಬಹುದು.

ಶಾಸನದ ಕಡೆಗೂ ಒಂದು ಕಣ್ಣಿರಬೇಕು. ಕ್ಯಾಲ್ಗರಿಯಿರುವ ಆಲ್ಬರ್ಟಾದಲ್ಲಿ ಎಲ್ಲರಿಗೂ ಅನ್ವಯಿಸುವ ಕಡ್ಡಾಯವಿಲ್ಲ. ಪಶ್ಚಿಮಕ್ಕೆ ಬೆಟ್ಟ ದಾಟಿ ಬ್ರಿಟಿಷ್ ಕೊಲಂಬಿಯಾ ಹೊಕ್ಕರೆ, ಕಣಿವೆದಾರಿಗಳಲ್ಲಿ ಅಕ್ಟೋಬರು ೧ರಿಂದ ಏಪ್ರಿಲ್ ೩೦ರವರೆಗೆ ಮೇಲೆ ಹೇಳಿದ ಎರಡು ಗುರುತುಗಳಲ್ಲಿ ಒಂದಾದರೂ ಇರಬೇಕು, ಬಟನ್ನು ೩.೫ ಮಿಲಿಮೀಟರಿನಷ್ಟಾದರೂ ಉಳಿದಿರಬೇಕು. ಕ್ವಿಬೆಕ್ ಇನ್ನೂ ಕಟ್ಟುನಿಟ್ಟು. ೨೦೦೮ರಲ್ಲಿ ಚಳಿಗಾಲದ ಟಯರನ್ನು ಕಡ್ಡಾಯ ಮಾಡಿದ ಆ ಪ್ರಾಂತ, ಡಿಸೆಂಬರು ೧ರಿಂದ ಮಾರ್ಚಿ ೧೫ರವರೆಗೆ ಬೆಟ್ಟ-ಹರಳಿನ ಗುರುತನ್ನೋ ಮೊಳೆಗಳನ್ನೋ ಕೇಳುತ್ತದೆ. ಬರಿಯ ‘ಎಂ’, ‘ಎಸ್’ ಅಕ್ಷರಗಳು ಅಲ್ಲಿ ನಡೆಯುವುದಿಲ್ಲ.

ಬೆಂಗಳೂರಿನಿಂದ ಲಡಾಖಿಗೋ ಸ್ಪಿತಿಗೋ ಗಾಡಿ ಹೊಡೆದುಕೊಂಡು ಹೋಗುವ ನಮ್ಮ ಉತ್ಸಾಹಿಗಳು ಹಾಕಿಸುವುದೂ ಹೆಚ್ಚಾಗಿ ಆಲ್ ಟೆರೇನ್ ಟಯರನ್ನೇ. ಬೇಸಗೆಯ ಕಲ್ಲುದಾರಿಗೆ ಅದು ಒಳ್ಳೆಯ ಆಯ್ಕೆ. ಹಿಮ ಬಿದ್ದ ಮೇಲೆ ಅಲ್ಲಿಯ ಚಾಲಕರು ಚಕ್ರಕ್ಕೆ ಸರಪಳಿ ಸುತ್ತುವುದನ್ನು ಕಂಡು ‘ನಮ್ಮ ಟಯರಿಗೆ ಅದು ಬೇಡ’ ಎನ್ನುವುದು ಮಾತ್ರ ಸಾಹಸವಲ್ಲ, ಅಜ್ಞಾನ.

ಆರಿಸಿ ತಂದ ಮೇಲೆಯೂ ಕೆಲವು ಕೆಲಸಗಳಿವೆ. ಚಳಿಗೆ ಗಾಳಿ ಕುಗ್ಗುತ್ತದೆ. ೨೦ ಡಿಗ್ರಿಯ ಹಿತವಾದ ದಿನ ೩೫ ಪೌಂಡು ಗಾಳಿ ತುಂಬಿಸಿದ ಟಯರಿನಲ್ಲಿ, ಶೂನ್ಯಕ್ಕಿಂತ ೨೦ ಡಿಗ್ರಿ ಕೆಳಗಿನ ಬೆಳಗ್ಗೆ ಉಳಿಯುವುದು ಸುಮಾರು ೨೮ ಪೌಂಡು ಮಾತ್ರ. ತಿಂಗಳಿಗೊಮ್ಮೆಯಾದರೂ, ಗಾಡಿ ಹೊರಡುವ ಮುನ್ನ, ಅಳೆದು ನೋಡಬೇಕು. ನಾಲ್ಕೂ ಚಕ್ರಗಳಿಗೆ ಒಂದೇ ಜಾತಿಯ ಟಯರು ಇರಬೇಕು. ಎರಡಕ್ಕೆ ಮಾತ್ರ ಚಳಿಗಾಲದ ಟಯರು ಹಾಕಿ ಹಣ ಉಳಿಸಿದರೆ ತಿರುವಿನಲ್ಲಿ ಗಾಡಿಯ ಒಂದು ತುದಿ ಹಿಡಿದು ಇನ್ನೊಂದು ಜಾರುತ್ತದೆ. ಅನೇಕ ಆಲ್ ಟೆರೇನ್ ಟಯರುಗಳ ಕೂದಲೆಳೆ ಸೀಳುಗಳು ಬಟನ್ನಿನ ತಳದವರೆಗೆ ಇಳಿದಿರುವುದಿಲ್ಲ. ಹೊರನೋಟಕ್ಕೆ ಅರ್ಧ ಟಯರು ಉಳಿದಂತೆ ಕಂಡರೂ ಸೀಳುಗಳು ಅಳಿಸಿಹೋಗಿದ್ದರೆ, ಚಳಿಗಾಲದ ಮಟ್ಟಿಗೆ ಆ ಟಯರಿನ ಕಾಲ ಮುಗಿಯಿತು. ಕೊಳ್ಳುವಾಗಲೇ ಬದಿಯಲ್ಲಿ ಅಚ್ಚಾದ ಕೊನೆಯ ನಾಲ್ಕು ಅಂಕಿಗಳನ್ನು ಓದಿಕೊಳ್ಳುವುದು ಒಳ್ಳೆಯದು. ಮೊದಲೆರಡು ವಾರವನ್ನೂ ಕಡೆಯೆರಡು ವರ್ಷವನ್ನೂ ತಿಳಿಸುತ್ತವೆ; ೩೫೨೪ ಎಂದಿದ್ದರೆ ಅದು ೨೦೨೪ರ ಮೂವತ್ತೈದನೆಯ ವಾರದಲ್ಲಿ ತಯಾರಾದ ಟಯರು.