ಖಾಲಿ ಬಿಟ್ಟ 64 ಬೈಟು

1980ರ ದಶಕದ ಮೊದಲ ವರ್ಷಗಳಲ್ಲಿ ಡಿಸ್ಕ್ ಇಲ್ಲದ ಕಂಪ್ಯೂಟರ್‌ಗಳು ಪ್ರಯೋಗಾಲಯಗಳಿಗೆ ಬಂದವು. ಸ್ವಿಚ್ ಹಾಕಿದಾಗ ಅವಕ್ಕೆ ಗೊತ್ತಿದ್ದುದು ಒಂದೇ: ಕಾರ್ಖಾನೆಯಲ್ಲಿ ಕೊಟ್ಟಿದ್ದ ಮ್ಯಾಕ್ ಸಂಖ್ಯೆ. 1984ರಲ್ಲಿ ಸ್ಟ್ಯಾನ್‌ಫರ್ಡ್‌ನ ನಾಲ್ವರು ರಾರ್ಪ್ ಎಂಬ ವಿಧಾನ ರೂಪಿಸಿದರು. ಮ್ಯಾಕ್ ಸಂಖ್ಯೆ ಕೂಗಿ ಹೇಳಿದರೆ ಜಾಲದಲ್ಲಿ ಬಳಸುವ ಐಪಿ ವಿಳಾಸ ಸಿಗುತ್ತಿತ್ತು, ಅಷ್ಟೇ; ಚಾಲೂ ಆಗಲು ಬೇಕಾದ ಕಡತ ಎಲ್ಲಿದೆ ಎಂಬುದು ತಿಳಿಯುತ್ತಿರಲಿಲ್ಲ. ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ತಂದ ರೈತನಿಗೆ ಲಾಟ್ ನಂಬರು ಕೊಟ್ಟು, ಗೂಡನ್ನು ಎಲ್ಲಿ ಸುರಿಯಬೇಕೆಂದು ಹೇಳದೇ ಬಿಟ್ಟಂತಾಯಿತು. ಸಾಲದ್ದಕ್ಕೆ ಆ ಕೂಗು ಗೇಟ್‌ವೇ ದಾಟುತ್ತಿರಲಿಲ್ಲ.

ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ ಇದನ್ನು ಬಿಡಿಸಲು ಹೊರಟಾಗ ಎದುರಾದದ್ದು ಬೀಜ ಮೊದಲೋ ಮರ ಮೊದಲೋ ಎಂಬ ಹಳೆಯ ತೊಡಕು. ಉತ್ತರ ಕಳಿಸಬೇಕಾದರೆ ಯಂತ್ರಕ್ಕೆ ವಿಳಾಸವಿರಬೇಕು. ಆ ವಿಳಾಸವಿರುವುದೇ ಉತ್ತರದೊಳಗೆ! ಅವರಿಗೆ ಎರಡು ದಾರಿ ಕಂಡವು. ಸರ್ವರ್ ಆ ವಿಳಾಸವನ್ನು ತನ್ನ ಪಟ್ಟಿಯಲ್ಲಿ ಮೊದಲೇ ಬರೆದುಕೊಳ್ಳಬೇಕು, ಇಲ್ಲವೇ ತಂತಿಯಲ್ಲಿರುವವರಿಗೆಲ್ಲ ಕೇಳುವಂತೆ ಡಂಗುರ ಸಾರಬೇಕು. 1985ರ ಸೆಪ್ಟೆಂಬರ್‌ನಲ್ಲಿ ಬೂಟ್‌ಪಿ ಎಂಬ ಅವರ ವಿಧಾನ ಹೊರಬಂತು. ಅದರ ಸಂದೇಶದ ಕೊನೆಯಲ್ಲಿ, ತಯಾರಕರು ಬೇಕಾದ್ದನ್ನು ತುಂಬಿಕೊಳ್ಳಲಿ ಎಂದು 64 ಬೈಟುಗಳ ಜಾಗ ಬಿಟ್ಟಿದ್ದರು. ಇಡೀ ಕತೆಯ ತಿರುವು ಅಲ್ಲಿಯೇ ಇತ್ತು.

ಖಾಲಿ ಜಾಗದಲ್ಲಿ ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ ಬರೆದರೆ ಓದುವವರಾರು? 1988ರಲ್ಲಿ ಅದಕ್ಕೊಂದು ಸಂಕೇತ ಗೊತ್ತಾಯಿತು. ಜಾಗದ ತಲೆಯಲ್ಲಿ 99.130.83.99 ಎಂದಿದ್ದರೆ, ಮುಂದಿನದೆಲ್ಲ ಸಂಖ್ಯೆ, ಉದ್ದ, ಮೌಲ್ಯ ಎಂಬ ಕ್ರಮದಲ್ಲಿ ಇರುತ್ತದೆ ಎಂದರ್ಥ. ಆದರೆ 64 ಬೈಟು ಎಷ್ಟು ದಿನ ಸಾಕಾದೀತು! ಬಕ್‌ನೆಲ್ ವಿಶ್ವವಿದ್ಯಾಲಯದ ರಾಲ್ಫ್ ಡ್ರೋಮ್ಸ್ ಸಂಗಡಿಗರೊಂದಿಗೆ ವರ್ಷಗಟ್ಟಲೆ ತಿದ್ದಿ ಬರೆದ, ಬೂಟ್‌ಪಿಯ ಮುಂದುವರಿಕೆಯಾದ ಡಿಎಚ್‌ಸಿಪಿಯಲ್ಲಿ ಅದು ಕನಿಷ್ಠ 312 ಆಯಿತು. 1993ರ ಅಕ್ಟೋಬರ್‌ನಲ್ಲಿ ಪ್ರಕಟವಾದಾಗ ಸಂಪಾದನೆಯಲ್ಲಿ ತಪ್ಪುಗಳು ನುಸುಳಿದ್ದವು. ಅಷ್ಟು ವರ್ಷದ ದುಡಿಮೆಯನ್ನು ಅದೇ ತಿಂಗಳಲ್ಲಿ ಹೊಸ ಸಂಖ್ಯೆ ಹಾಕಿ ಮತ್ತೆ ಅಚ್ಚು ಹಾಕಬೇಕಾಯಿತು.

ಆ ಜಾಗದಲ್ಲಿ ಸಂಖ್ಯೆ ಹಾಕಿ ಬರೆಯುವ ಒಂದೊಂದು ಅಂಶಕ್ಕೂ ಡಿಎಚ್‌ಸಿಪಿಯಲ್ಲಿ ಆಯ್ಕೆ ಎಂದು ಹೆಸರು. 128ರಿಂದ 254ರವರೆಗಿನ ಆಯ್ಕೆಗಳನ್ನು ಆಯಾ ಊರಿನ ಜಾಲದವರ ಸ್ವಂತ ಬಳಕೆಗೆ ಬಿಡಲಾಗಿತ್ತು. ಬೇಲಿಯಿಲ್ಲದ ಗೋಮಾಳದಂತೆ ಅದರೊಳಕ್ಕೆ ಕಂಪನಿಗಳೂ ನುಗ್ಗಿದವು. ಸಿಸ್ಕೋ ಫೋನುಗಳಿಗೆ 150 ಎಂದರೆ ಕಡತ ಕೊಡುವ ಟಿಎಫ್‌ಟಿಪಿ ಸರ್ವರ್‌ಗಳ ವಿಳಾಸ. ಯಂತ್ರವನ್ನು ಚಾಲೂ ಮಾಡುವ ಈಥರ್‌ಬೂಟ್, ಗ್ರಬ್ ಎಂಬ ತಂತ್ರಾಂಶಗಳಲ್ಲಿ ಅದೇ 150ಕ್ಕೆ ಬೇರೆಯೇ ಅರ್ಥ. 2004ರಲ್ಲಿ 128ರಿಂದ 223ರವರೆಗಿನ ಜಾಗವನ್ನು ಮರಳಿ ಪಡೆದು, ಈಗಾಗಲೇ ಬಳಸುತ್ತಿರುವವರು ಆರು ತಿಂಗಳೊಳಗೆ ಮುಂದೆ ಬಂದು ಹೇಳಬೇಕೆಂದು ಕರೆ ಕೊಡಲಾಯಿತು. 150ಕ್ಕೆ ಸಿಸ್ಕೋ ಕೊಟ್ಟಿದ್ದ ಅರ್ಥ ವಿಧಿವತ್ತಾಗಿ ದಾಖಲಾದದ್ದು 2010ರ ಜೂನ್‌ನಲ್ಲಿ.

ಇಷ್ಟೆಲ್ಲ ಆಗಿ ಸಿಕ್ಕಿದ್ದು ಸರಳ. ಚಿಂತಾಮಣಿಯ ಕಚೇರಿಯೊಂದರಲ್ಲಿ ಹೊಸ ಐಪಿ ಫೋನಿಗೆ ತಂತಿ ಚುಚ್ಚಿದರೆ ಅದು ಕೂಗುತ್ತದೆ. ಡಿಎಚ್‌ಸಿಪಿ ಸರ್ವರ್ ಅದಕ್ಕೆ ಐಪಿ ವಿಳಾಸದ ಜೊತೆಗೆ 66ನೇ ಆಯ್ಕೆಯನ್ನೋ 150ನೆಯದನ್ನೋ ಕೊಡುತ್ತದೆ. 66ರಲ್ಲಿ ಒಂದು ಟಿಎಫ್‌ಟಿಪಿ ಸರ್ವರ್‌ನ ಹೆಸರಿರುತ್ತದೆ. 150ರಲ್ಲಿ ಸಾಲಾಗಿ ಹಲವು ವಿಳಾಸಗಳಿರಬಹುದು, ಒಂದು ಕೆಟ್ಟರೆ ಫೋನು ಮುಂದಿನದನ್ನು ಹುಡುಕಬಹುದು. ಅಲ್ಲಿಂದ ಅದು ತನ್ನ ಮ್ಯಾಕ್ ಸಂಖ್ಯೆಯ ಹೆಸರಿನ ಕಡತವನ್ನು ತರಿಸಿಕೊಂಡು ಓದುತ್ತದೆ, ಪರದೆಯ ಮೇಲೆ ಆ ಮೇಜಿನ ಎಕ್ಸ್‌ಟೆನ್ಷನ್ ನಂಬರು ಮೂಡುತ್ತದೆ.