ಉದ್ದ ತಂತಿಯೂ ಅವಸರದ ಅಂಕಿಗಳೂ

ದಿಣ್ಣೆಯ ಮೇಲೆ ಊರಿನ ನೀರಿನ ತೊಟ್ಟಿ. 300 ಮೀಟರು ಆಚೆ ಪಂಪುಮನೆಯಲ್ಲಿ ಗಣಕಯಂತ್ರ. ನೀರಿನ ಮಟ್ಟವನ್ನಳೆದು ತಿಳಿಸುವುದು ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಸಲಕರಣೆ. ಅದು ಹೇಳಿದ ಅಂಕಿ ದಾರಿಯಲ್ಲಿ ಕೆಟ್ಟರೆ ಬರಿದಾದ ತೊಟ್ಟಿ ತುಂಬಿದೆಯೆಂದು ಪಂಪು ನಿಲ್ಲುತ್ತದೆ, ಬೀದಿಯ ನಲ್ಲಿಗಳು ಒಣಗುತ್ತವೆ.

ಈ ಯಂತ್ರಗಳ ವರ್ಣಮಾಲೆಯಲ್ಲಿರುವುವು ಸೊನ್ನೆ, ಒಂದು ಎಂಬ ಎರಡೇ ಅಕ್ಷರ. ಒಂದರ ಹಿಂದೊಂದು ಸಾಲಾಗಿ ಹೋಗುವ ಇವಕ್ಕೆ ಬಿಟ್ ಎಂದು ಹೆಸರು. ಸೆಕೆಂಡಿಗೆ 1,15,200 ಬಿಟ್ ಎಂಬುದು ರೂಢಿಯ ವೇಗಗಳಲ್ಲೊಂದು. ಆಗ ಒಂದೊಂದರ ಆಯುಸ್ಸು 8.7 ಮೈಕ್ರೋಸೆಕೆಂಡು, ಎಂದರೆ ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂಬತ್ತು ಪಾಲೂ ಅಲ್ಲ.

ಗೇಣುದ್ದದ ತಂತಿಗೆ ಇದು ಲೆಕ್ಕವಲ್ಲ. ಉದ್ದ ತಂತಿಯಾದರೋ ಪಾತ್ರೆಯಿದ್ದಂತೆ. ವಿದ್ಯುತ್ತು ಅದನ್ನು ತುಂಬಿದ ಮೇಲಷ್ಟೆ ಆಚೆಯ ತುದಿಯಲ್ಲಿ ಮಟ್ಟ ಏರುವುದು. ಅಷ್ಟರಲ್ಲಿ ಹಿಂದಿನ ಬಿಟ್ ಬಂದು ಮುಂದಿನದರೊಡನೆ ಕಲಸಿಹೋಗುತ್ತದೆ. ಲೋಪಸಂಧಿಯಲ್ಲಿ ಲೋಪವಾದ ಸ್ವರವನ್ನು ನಮ್ಮ ವಿದ್ಯಾರ್ಥಿಗಳು ಬಿಡಿಸಿ ಹೇಳಬಲ್ಲರು. ತಂತಿಯಲ್ಲಿ ಲೋಪವಾದುದನ್ನು ಬಿಡಿಸುವ ಸೂತ್ರವಿಲ್ಲ.

ಹಾಗಾದರೆ ಒತ್ತಡವನ್ನು ಹೆಚ್ಚಿಸಬಾರದೇಕೆ? 1858ರಲ್ಲಿ ಅಟ್ಲಾಂಟಿಕ್ ಸಾಗರದಡಿಯ ಮೊದಲ ತಂತಿಯಲ್ಲಿ ವಿಕ್ಟೋರಿಯಾ ರಾಣಿಯ 98 ಶಬ್ದಗಳ ಸಂದೇಶ ದಾಟಲು ಸುಮಾರು 16 ಗಂಟೆ ಹಿಡಿಯಿತು. ವೈಟ್‌ಹೌಸ್ ಎಂಬವರು ಸುಮಾರು 2,000 ವೋಲ್ಟು ಹೇರಿದರು. ಮೊದಲೇ ದುರ್ಬಲವಾಗಿದ್ದ ತಂತಿ ಕೆಲವೇ ವಾರಗಳಲ್ಲಿ ಮೂಕವಾಯಿತು. ಕೂಗು ಜೋರಾಗುವುದಲ್ಲ, ಕಿವಿ ಸೂಕ್ಷ್ಮವಾಗಬೇಕು ಎಂಬ ವಿಲಿಯಂ ಥಾಮ್ಸನ್ನರ ಪಕ್ಷವೇ ಗೆದ್ದಿತು.

ಇನ್ನೊಂದು ಪೀಡೆ ಗದ್ದಲ. ಅಡಿಗೆಮನೆಯಲ್ಲಿ ಮಿಕ್ಸಿ ತಿರುಗಿದೊಡನೆ ರೇಡಿಯೋ ಕರಕರಗುಟ್ಟುವುದನ್ನು ವಾಚಕರು ಕೇಳಿಯೇ ಇರುತ್ತೀರಿ. ಪಂಪಿನ ಮೋಟಾರು ತಂತಿಗೂ ಇದೇ ಉಪದ್ರವ ಕೊಡುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ಬಲು ಚೆಂದ. ಎರಡು ತಂತಿಗಳನ್ನು ಜಡೆಯಂತೆ ಹೊಸೆದು, ಒಂದರಲ್ಲಿ ಒತ್ತಡ ಏರಿದಾಗ ಇನ್ನೊಂದರಲ್ಲಿ ಇಳಿಸುವುದು. ಹೊರಗಿನ ಗದ್ದಲ ಎರಡಕ್ಕೂ ಬಹುಮಟ್ಟಿಗೆ ಸಮನಾಗಿ ತಗಲುತ್ತದೆ. ಕೇಳುವ ಯಂತ್ರ ಎರಡರ ವ್ಯತ್ಯಾಸವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದರಿಂದ ಗದ್ದಲ ಕಳೆದುಹೋಗುತ್ತದೆ. ಹೊಸೆದ ಜೋಡಿಗೆ ಗ್ರಹಾಂ ಬೆಲ್ಲರು 1881ರಲ್ಲೇ ಹಕ್ಕುಪತ್ರ ಪಡೆದಿದ್ದರು. 1983ರ ಆರ್‌ಎಸ್-485 ಎಂಬ ನಿಯಮಾವಳಿ ಇದೇ ತತ್ತ್ವದ್ದು, 0.2 ವೋಲ್ಟಿನ ವ್ಯತ್ಯಾಸವಿದ್ದರೂ ಅದರ ಕಿವಿಗೆ ಸಾಕು. ಸೆಕೆಂಡಿಗೆ ಲಕ್ಷ ಬಿಟ್ ಸಾಲುವುದಾದರೆ 1,200 ಮೀಟರು ದೂರಕ್ಕೂ ಒದಗುತ್ತದೆ. ಒಂದು ಕೋಟಿ ಬೇಕೆಂದರೆ ಹತ್ತು ಹನ್ನೆರಡು ಮೀಟರಿಗೇ ನಿಲ್ಲಬೇಕು.

ತುದಿಗಳೆರಡರಲ್ಲೂ 120 ಓಮಿನ ರೋಧಕವನ್ನು ಮರೆಯಬಾರದು. ಅದಿಲ್ಲದಿದ್ದರೆ ಸಂಕೇತ ತುದಿಗೆ ಬಡಿದು ಪ್ರತಿಧ್ವನಿಯಂತೆ ಹಿಂದಿರುಗುತ್ತದೆ. 300 ಮೀಟರಿನಲ್ಲಿ ಹೋಗಿಬರಲು ಅದಕ್ಕೆ ಬೇಕಾದುದು ಸುಮಾರು ಮೂರು ಮೈಕ್ರೋಸೆಕೆಂಡು. ಆ ಬಿಟ್ ಮುಗಿಯುವ ಮೊದಲೇ ಅದರ ಮೇಲೆ ಬಂದು ಬೀಳುತ್ತದೆ. ದಿಣ್ಣೆಗೆ ಸಿಡಿಲಿನ ಭಯವಿದ್ದರೆ ಗಾಜಿನೆಳೆಯ ತಂತಿಯೇ ಲೇಸು. ಅದರಲ್ಲಿ ಹರಿಯುವುದು ಬೆಳಕು, ವಿದ್ಯುತ್ತಲ್ಲ.