ಸಾಸೇಜ್‌ಗೆ ಬೆಲ್ಲ, ಬ್ಯಾಡಗಿಯ ಜೋಡಿ!

ಪಾರ್ಟಿಗೆ ಸಿಹಿ-ಖಾರ ತಿಂಡಿ. ತಟ್ಟೆಯಲ್ಲಿ ಏನಿದೆ ಎಂದು ಹೇಳುವುದನ್ನು ಮಾತ್ರ ಮರೆಯಬೇಡಿ

ಮಡಗಾಂವ್: ಡಿಸೆಂಬರ್ ಬಂತೆಂದರೆ ಗೋವಾದಲ್ಲಿ ಪಾರ್ಟಿಗಳ ಸುಗ್ಗಿ. ಕ್ರಿಸ್‌ಮಸ್, ಅದರ ಬೆನ್ನಿಗೇ ಹೊಸ ವರ್ಷ, ನಡುನಡುವೆ ಮಕ್ಕಳ ಬರ್ತ್‌ಡೇ. ವಿಜಾಪುರ, ಬಾಗಲಕೋಟೆ, ಗದಗ, ಹಾವೇರಿ ಕಡೆಯಿಂದ ಬಂದು ವಾಸ್ಕೋ, ಮಡಗಾಂವ್, ಮಾಪ್ಸಾ, ಫೋಂಡಾಗಳಲ್ಲಿ ನೆಲೆ ನಿಂತ ಕನ್ನಡ ಕುಟುಂಬಗಳೂ ಇದಕ್ಕೆ ಹೊರತಲ್ಲ. ಮನೆಯ ಹಿರಿಯರಿಗೆ ಮಿರ್ಚಿ ಭಜಿ, ಚುರುಮುರಿ ಇದ್ದರೆ ಸಾಕು. ಇಲ್ಲೇ ಹುಟ್ಟಿ ಬೆಳೆದ ಮಕ್ಕಳ ಬೇಡಿಕೆಯೇ ಬೇರೆ. 'ಅಮ್ಮಾ, ಕಡ್ಡಿಗೆ ಚುಚ್ಚಿ ಕೊಡ್ತಾರಲ್ಲ, ಆ ಸಾಸೇಜ್ ಮಾಡು!'

ಮಾಡುವುದೇನೋ ಸುಲಭ. ಅರ್ಧ ತಾಸಿನ ಕೆಲಸ. ಕಷ್ಟ ಇರುವುದು ಅಡುಗೆಯಲ್ಲಲ್ಲ, ಬಡಿಸುವುದರಲ್ಲಿ. ನಮ್ಮ ಕಾಲೋನಿಗಳ ಒಂದು ಪಾರ್ಟಿಗೆ ಕ್ರೈಸ್ತರು, ಮುಸ್ಲಿಮರು, ಲಿಂಗಾಯತರು, ಕುರುಬರು, ಕೊಂಕಣಿಗರು ಎಲ್ಲರೂ ಬರುತ್ತಾರೆ. ಒಬ್ಬರು ಹಂದಿ ಮುಟ್ಟುವುದಿಲ್ಲ, ಇನ್ನೊಬ್ಬರು ದನ ಮುಟ್ಟುವುದಿಲ್ಲ, ಮತ್ತೊಬ್ಬರಿಗೆ ಮಾಂಸವೇ ಬೇಡ. ಇನ್ನು ಸಾಸೇಜ್ ಎಂಬುದು ನೋಡಿದರೆ ಒಳಗೇನಿದೆ ಎಂದು ತಿಳಿಯದ ಪದಾರ್ಥ. 'ಇದರಾಗ ಏನೈತ್ರೀ?' ಎಂದು ಕೇಳಲು ಎಷ್ಟೋ ಅತಿಥಿಗಳಿಗೆ ಸಂಕೋಚ. ಕೇಳದೆ ತಿಂದು ಆಮೇಲೆ ಗೊತ್ತಾದರೆ ನೆರೆಹೊರೆಯ ಸ್ನೇಹಕ್ಕೇ ಪೆಟ್ಟು. ಹಾಗಾಗಿ ರುಚಿಯ ಜೊತೆಗೆ ಈ ಜವಾಬ್ದಾರಿಯನ್ನೂ ಸ್ವಲ್ಪ ನೋಡೋಣ, ಬನ್ನಿ.

ಹೆಸರಲ್ಲಷ್ಟೇ ಕಾಕ್‌ಟೇಲ್

ಕಾಕ್‌ಟೇಲ್ ಸಾಸೇಜ್ ಎಂದೊಡನೆ ಹಲವರು ಹುಬ್ಬೇರಿಸುತ್ತಾರೆ. ಅದರಲ್ಲಿ ಮದ್ಯ ಇರುತ್ತದೆಯೇ? ಇಲ್ಲ. ಪಾಶ್ಚಾತ್ಯರ ಕಾಕ್‌ಟೇಲ್ ಪಾರ್ಟಿಗಳಲ್ಲಿ ಒಂದು ಕೈಯಲ್ಲಿ ಗ್ಲಾಸು ಹಿಡಿದು, ಇನ್ನೊಂದು ಕೈಯಿಂದ ಎತ್ತಿ ಒಂದೇ ಬಾಯಿಗೆ ಹಾಕಿಕೊಳ್ಳುವಂತೆ ಮಾಡಿದ ಪುಟ್ಟ ಸಾಸೇಜ್ ಇದು. ಹೆಸರು ಬಂದಿದ್ದು ಅಲ್ಲಿಂದ. ಬ್ರಿಟನ್ನಿನಲ್ಲಿ ಇದನ್ನು ಸುಮ್ಮನೆ ಬೇಯಿಸಿ ಕಡ್ಡಿಗೆ ಚುಚ್ಚಿ ಕೊಡುತ್ತಾರೆ. ಅಮೆರಿಕದ ಮನೆಗಳಲ್ಲಿ ದ್ರಾಕ್ಷಿ ಜೆಲ್ಲಿ ಮತ್ತು ಖಾರದ ಸಾಸ್ ಬೆರೆಸಿ, ಅದರಲ್ಲಿ ಸಣ್ಣ ಉರಿಯಲ್ಲಿ ಕುದಿಸುವ ರೂಢಿ ಇದೆ. ಜೆಲ್ಲಿಯಿಂದ ಸಿಹಿ, ಸಾಸ್‌ನಿಂದ ಹುಳಿ-ಖಾರ, ಸಾಸೇಜ್‌ನಿಂದ ಉಪ್ಪು. ಎಲ್ಲ ಸೇರಿ ನಾಲಿಗೆಗೆ ಹಬ್ಬ!

ದ್ರಾಕ್ಷಿ ಜೆಲ್ಲಿಗೆ ನಾವು ಎಲ್ಲಿಗೆ ಹೋಗೋಣ ಅಂತೀರಾ? ಹೋಗುವುದೇ ಬೇಡ. ಬೆಲ್ಲ, ಹುಣಸೆ, ಮೆಣಸಿನಕಾಯಿ ಮೂರನ್ನೂ ಸೇರಿಸಿ ಗೊಜ್ಜು ಮಾಡುವವರಿಗೆ ಸಿಹಿ-ಖಾರದ ಪಾಠ ಹೇಳಬೇಕಾಗಿಲ್ಲ. ಗೋವಾ ಮಾರುಕಟ್ಟೆಯಲ್ಲಿ ಕಪ್ಪಗೆ ಮಿರುಗುವ ತೆಂಗಿನ ಬೆಲ್ಲ ಸಿಗುತ್ತದೆ. ಉತ್ತರ ಕನ್ನಡದ ನೆಂಟರಿದ್ದರೆ ಜೋನಿ ಬೆಲ್ಲ ತರಿಸಿಕೊಳ್ಳಿ. ಸಾಸ್‌ಗೆ ಹೊಳಪು ಕೊಡಲು ಅದಕ್ಕಿಂತ ಒಳ್ಳೆಯದಿಲ್ಲ. ಬಣ್ಣಕ್ಕೆ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಇದ್ದೇ ಇದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಮೆಣಸಿನಕಾಯಿಯಲ್ಲಿ ಕೆಂಪು ಜಾಸ್ತಿ, ಖಾರ ಕಡಿಮೆ. ಮಕ್ಕಳ ಪಾರ್ಟಿಗೆ ಹೇಳಿ ಮಾಡಿಸಿದಂತಿದೆ. ಹುಳಿಗೆ ಇಲ್ಲಿನ ತೆಂಗಿನ ಕಳ್ಳಿನ ವಿನೆಗರ್ ಆದೀತು, ಮನೆಯ ಹುಣಸೆ ರಸವೂ ಆದೀತು.

ಮೊದಲು ಪ್ಯಾಕೆಟ್ ಓದಿ

ಅಂಗಡಿಯ ಫ್ರೀಜರ್‌ನಲ್ಲಿ ಚಿಕನ್ ಸಾಸೇಜ್ ಸಿಗುತ್ತದೆ, ಪೋರ್ಕ್ ಸಾಸೇಜ್ ಕೂಡ ಸಿಗುತ್ತದೆ. ಪ್ಯಾಕೆಟ್ ಮೇಲಿನ ಕಂದು ಗುರುತು ಇದು ಮಾಂಸಾಹಾರ ಎಂದು ಮಾತ್ರ ಹೇಳುತ್ತದೆ. ಯಾವ ಮಾಂಸ ಎಂದು ಹೇಳುವುದಿಲ್ಲ. ಅದಕ್ಕೆ ಹಿಂಬದಿಯ ಸಾಮಗ್ರಿ ಪಟ್ಟಿಯನ್ನೇ ಓದಬೇಕು.

ಇಷ್ಟೇ ಅಲ್ಲ, ಹೊರಗಿನ ಸಿಪ್ಪೆಯನ್ನೂ ಗಮನಿಸಿ. ಒಳಗೆ ಕೋಳಿಮಾಂಸ ಇದ್ದರೂ ಹೊರಕವಚ ಬೇರೆ ಪ್ರಾಣಿಯದಾಗಿರಬಹುದು. ನೈಸರ್ಗಿಕ ಕವಚವೆಂದರೆ ಕುರಿ ಅಥವಾ ಹಂದಿಯ ಕರುಳು. ಕೊಲಾಜನ್ ಕವಚವನ್ನು ಸಾಮಾನ್ಯವಾಗಿ ದನದ ಚರ್ಮದಿಂದ ತಯಾರಿಸುತ್ತಾರೆ. 'ಸ್ಕಿನ್‌ಲೆಸ್' ಎಂದು ಬರೆದಿದ್ದರೆ ತಯಾರಿಕೆಯ ಹೊತ್ತಿನಲ್ಲೇ ಕವಚ ಸುಲಿದಿರುತ್ತಾರೆ, ಗೊಂದಲ ಕಡಿಮೆ. ಎಲ್ಲರೂ ಸೇರುವ ಪಾರ್ಟಿಗೆ ಸ್ಕಿನ್‌ಲೆಸ್ ಚಿಕನ್ ಸಾಸೇಜ್ ಲೇಸು. ಮುಸ್ಲಿಂ ಸ್ನೇಹಿತರು ಬರುವವರಿದ್ದರೆ ಹಲಾಲ್ ಗುರುತು ಇದೆಯೇ ನೋಡಿಕೊಳ್ಳಿ. ಸೋಯಾ, ಗೋಧಿ, ಹಾಲಿನ ಪುಡಿ ಕೂಡ ಸೇರಿರಬಹುದಾದ್ದರಿಂದ ಅಲರ್ಜಿ ಇರುವವರಿಗೂ ಪಟ್ಟಿ ಓದುವುದು ಮುಖ್ಯ.

ಏನೇನು ಬೇಕು?

ಚಿಕನ್ ಕಾಕ್‌ಟೇಲ್ ಸಾಸೇಜ್ ಅರ್ಧ ಕೆ.ಜಿ. (ಒಂದೊಂದು 10-12 ಗ್ರಾಂ ತೂಗಿದರೆ 40ರಿಂದ 50 ಬರುತ್ತವೆ). ಪುಟ್ಟ ಸಾಸೇಜ್ ಸಿಗದಿದ್ದರೆ ದೊಡ್ಡದನ್ನೇ ಮೂರು-ನಾಲ್ಕು ತುಂಡು ಮಾಡಿ.

ಸಾಸ್‌ಗೆ: ಬ್ಯಾಡಗಿ ಮೆಣಸಿನಕಾಯಿ 8, ಬೆಳ್ಳುಳ್ಳಿ 8 ಎಸಳು, ಸಣ್ಣ ಈರುಳ್ಳಿ 1, ಪುಡಿ ಮಾಡಿದ ಬೆಲ್ಲ 4 ದೊಡ್ಡ ಚಮಚ, ಟೊಮೆಟೊ ಕೆಚಪ್ 5 ದೊಡ್ಡ ಚಮಚ, ವಿನೆಗರ್ 1 ದೊಡ್ಡ ಚಮಚ (ಇಲ್ಲವೇ ಗಟ್ಟಿ ಹುಣಸೆ ರಸ 2 ಚಮಚ), ಕರಿಮೆಣಸಿನ ಪುಡಿ ಅರ್ಧ ಚಿಕ್ಕ ಚಮಚ, ಎಣ್ಣೆ 2 ದೊಡ್ಡ ಚಮಚ, ನೀರು ಒಂದು ಲೋಟ. ಉಪ್ಪು? ಸದ್ಯಕ್ಕೆ ಬೇಡ. ಸಾಸೇಜ್‌ನಲ್ಲೂ ಕೆಚಪ್‌ನಲ್ಲೂ ಸಾಕಷ್ಟು ಉಪ್ಪಿದೆ.

ಸಸ್ಯಾಹಾರಿಗಳಿಗೆ: ಪನೀರ್ 200 ಗ್ರಾಂ, ಬೇಯಿಸಿದ ಪುಟ್ಟ ಆಲೂಗಡ್ಡೆ 15. ಗೆಣಸಿನ ತುಂಡು, ಅಣಬೆ ಕೂಡ ಚೆನ್ನಾಗಿರುತ್ತವೆ.

ಮಾಡೋದು ಹೀಗೆ

ಫ್ರೀಜರ್‌ನ ಸಾಸೇಜನ್ನು ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ಅಂತಸ್ತಿಗೆ ಇಳಿಸಿ. ಅಡುಗೆಕಟ್ಟೆಯ ಮೇಲೆ ದಿನವಿಡೀ ಬಿಟ್ಟು ಕರಗಿಸುವ ಅಭ್ಯಾಸ ಬೇಡ. ಮೆಣಸಿನಕಾಯಿಯ ಬೀಜ ತೆಗೆದು, ಬಿಸಿ ನೀರಿನಲ್ಲಿ 20 ನಿಮಿಷ ನೆನೆಸಿ, ನಾಲ್ಕು ಎಸಳು ಬೆಳ್ಳುಳ್ಳಿ ಸೇರಿಸಿ ನುಣ್ಣಗೆ ರುಬ್ಬಿ.

ಬಾಣಲೆಯಲ್ಲಿ ಒಂದು ಚಮಚ ಎಣ್ಣೆ ಕಾಯಿಸಿ. ಉಳಿದ ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಹಾಕಿ ಕೆಂಪಗೆ ಹುರಿಯಿರಿ. ರುಬ್ಬಿದ್ದನ್ನು ಹಾಕಿ ಹಸಿ ವಾಸನೆ ಹೋಗುವವರೆಗೆ ಬಾಡಿಸಿ. ಈಗ ಕೆಚಪ್, ಬೆಲ್ಲ, ವಿನೆಗರ್, ಕರಿಮೆಣಸು, ನೀರು. ಸಣ್ಣ ಉರಿಯಲ್ಲಿ ಎಂಟು-ಹತ್ತು ನಿಮಿಷ ಕುದಿಸಿ. ಬೆಲ್ಲ ಬೇಗ ತಳ ಹಿಡಿಯುತ್ತದೆ, ಕೈಯಾಡಿಸುತ್ತಿರಿ. ಚಮಚದ ಬೆನ್ನಿಗೆ ಅಂಟುವಷ್ಟು ಗಟ್ಟಿಯಾದರೆ ಸಾಸ್ ಸಿದ್ಧ. ರುಚಿ ನೋಡಿ. ಸಿಹಿ ಹೆಚ್ಚಾಯಿತೇ? ಹುಳಿ ಎರಡು ಹನಿ ಸೇರಿಸಿ. ಹುಳಿ ಹೊಡೆಯಿತೇ? ಬೆಲ್ಲ ಚಿಟಿಕೆ ಸೇರಿಸಿ.

ಇನ್ನು ಮುಖ್ಯ ಹಂತ. ಸಾಸೇಜ್ ಹಾಕುವ ಮೊದಲೇ ಮೂರನೇ ಒಂದು ಪಾಲು ಸಾಸನ್ನು ಬೇರೆ ಪಾತ್ರೆಗೆ ತೆಗೆದಿಡಿ. ಇದು ಸಸ್ಯಾಹಾರಿಗಳ ಪಾಲು. ಪನೀರ್, ಆಲೂಗಡ್ಡೆಯನ್ನು ಬೇರೆ ಬಾಣಲೆಯಲ್ಲಿ, ಬೇರೆ ಸೌಟಿನಲ್ಲಿ ಹುರಿದು, ಚಿಟಿಕೆ ಉಪ್ಪು ಹಾಕಿ ಈ ಸಾಸ್‌ನಲ್ಲಿ ಹೊರಳಿಸಿ. 'ಸಾಸೇಜ್ ಆರಿಸಿ ತೆಗೆದು ಸಾಸ್ ಮಾತ್ರ ಹಾಕಿ ಕೊಡ್ತೀವಿ' ಎಂದರೆ ಯಾವ ಸಸ್ಯಾಹಾರಿಯೂ ಒಪ್ಪುವುದಿಲ್ಲ. ಒಪ್ಪಬೇಕೆಂದು ನಿರೀಕ್ಷಿಸುವುದೂ ತಪ್ಪು.

ಸಾಸೇಜನ್ನು ಒರೆಸಿ, ಉಳಿದ ಎಣ್ಣೆಯಲ್ಲಿ ಎಲ್ಲ ಕಡೆ ಕೆಂಪಾಗುವಂತೆ ಹುರಿದು, ಬಾಣಲೆಯ ಸಾಸ್‌ಗೆ ಹಾಕಿ ಆರೇಳು ನಿಮಿಷ ಕುದಿಸಿ. ಬಹುತೇಕ ಪ್ಯಾಕೆಟ್‌ಗಳಲ್ಲಿ ಮೊದಲೇ ಬೆಂದ ಸಾಸೇಜ್ ಇರುತ್ತದೆ. ಆದರೂ ಒಳಗಿನವರೆಗೂ ಹಬೆಯಾಡಬೇಕು. ಹಸಿ ಚಿಕನ್ ಸಾಸೇಜ್ ಆಗಿದ್ದರೆ ನಡುಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಒಂದನ್ನು ಸೀಳಿ ನೋಡಿ. ಒಳಗೆ ಮೆತ್ತಗೆ ಹಸಿ ಹಸಿಯಾಗಿದ್ದರೆ ಇನ್ನಷ್ಟು ಬೇಯಿಸಿ.

ಗೋವಾ ಚೊರಿಸ್ ಬೇರೆ, ಇದು ಬೇರೆ

'ಇಲ್ಲಿನ ಚೊರಿಸ್ ಹಾಕಿದರೆ ಆಗಲ್ವಾ?' ಎನ್ನುವವರೂ ಇದ್ದಾರೆ. ಗೋವಾ ಚೊರಿಸ್ ಹಂದಿಮಾಂಸದ್ದು. ವಿನೆಗರ್, ಮೆಣಸಿನಕಾಯಿ, ಬೆಳ್ಳುಳ್ಳಿ, ಮಸಾಲೆ ಬೆರೆಸಿ, ಕರುಳಿಗೆ ತುಂಬಿ ಮಣಿಸರದಂತೆ ಪೋಣಿಸಿ ಒಣಗಿಸುತ್ತಾರೆ. ಪೋರ್ಚುಗೀಸರ ಚೊರಿಸೊ ಇಲ್ಲಿನ ಹುಳಿ-ಖಾರ ಕೂಡಿಸಿಕೊಂಡು ಹೊಸ ಜನ್ಮ ಪಡೆದಿದ್ದು ಹೀಗೆ. ಮಳೆಗಾಲಕ್ಕೆ ಮುಂಚೆ ಒಣಮೀನು, ಮೆಣಸಿನಕಾಯಿಯ ಜೊತೆ ಇದನ್ನೂ ಕೂಡಿಡುವ 'ಪುರುಮೆಂತ್' ಪದ್ಧತಿ ಗೋವಾ ಮನೆಗಳದ್ದು.

ಒಣಗಿದ್ದರೂ ಇದು ಹಸಿ ಮಾಂಸವೇ, ಚೆನ್ನಾಗಿ ಬೇಯಲೇಬೇಕು. ಹುಳಿ, ಖಾರ, ಉಪ್ಪು ಮೂರೂ ಅದರಲ್ಲೇ ಇರುವುದರಿಂದ ಮೇಲಿನ ಸಾಸ್ ಇದಕ್ಕೆ ಸಲ್ಲ. ದಾರ ಬಿಚ್ಚಿ, ಸಿಪ್ಪೆ ಸುಲಿದು, ಈರುಳ್ಳಿ ಮತ್ತು ಸ್ವಲ್ಪ ನೀರಿನೊಂದಿಗೆ ಬೇಯಿಸಿ. ಎಣ್ಣೆ ಬೇಡ, ಅದರ ಕೊಬ್ಬೇ ಸಾಕು. ಕೊನೆಗೆ ಅರ್ಧ ಚಮಚ ಬೆಲ್ಲ ಹಾಕಿ ಪುಟ್ಟ ಪಾವ್ ಒಳಗೆ ತುಂಬಿದರೆ ಅದೂ ಸಿಹಿ-ಖಾರದ ಪಾರ್ಟಿ ತಿಂಡಿಯೇ. ಆದರೆ ತಟ್ಟೆ ಬೇರೆ, ಮುಂದೆ ಚೀಟಿಯೂ ಬೇರೆ ಇರಲಿ.

ಮಕ್ಕಳಿದ್ದಲ್ಲಿ ಎಚ್ಚರ

ಈ ತಿಂಡಿಗೆ ಮೊದಲು ಓಡಿ ಬರುವವರೇ ಮಕ್ಕಳು. ಅಪಾಯವೂ ಅವರಿಗೇ ಹೆಚ್ಚು. ದುಂಡಗಿನ, ನುಣುಪಾದ ಸಾಸೇಜ್ ಪುಟ್ಟ ಮಗುವಿನ ಗಂಟಲಿಗೆ ಬಿರಡೆಯಂತೆ ಸಿಕ್ಕಿಕೊಳ್ಳಬಹುದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2010ರಲ್ಲೇ ಹಾಟ್‌ಡಾಗ್ ಆಕಾರವನ್ನೇ ಬದಲಿಸಬೇಕೆಂಬ ಮಾತೆತ್ತಿತ್ತು. ಐದು ವರ್ಷದೊಳಗಿನ ಮಕ್ಕಳಿಗೆ ಉದ್ದಕ್ಕೆ ನಾಲ್ಕು ಸೀಳು ಮಾಡಿ, ಆಮೇಲೆ ಸಣ್ಣಗೆ ಹೆಚ್ಚಿ, ಕೂರಿಸಿ ತಿನ್ನಿಸಿ. ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿದರೆ ಪ್ರಯೋಜನವಿಲ್ಲ. ದುಂಡು ದುಂಡಾಗಿಯೇ ಉಳಿಯುತ್ತದೆ. ಚೂಪು ಕಡ್ಡಿ ಕೊಡಲೇಬೇಡಿ.

ಸಮುದ್ರದಂಡೆಯ ಸೆಕೆಯಲ್ಲಿ ಬೆಂದ ಮಾಂಸ ಬೇಗ ಹಳಸುತ್ತದೆ. ಬಡಿಸುವವರೆಗೂ 60 ಡಿಗ್ರಿಗಿಂತ ಬಿಸಿಯಾಗಿರಲಿ. ಹೊರಗಿಟ್ಟ ತಟ್ಟೆ ಎರಡು ತಾಸು ದಾಟಬಾರದು. ಬಿಸಿಲು 32 ಡಿಗ್ರಿ ಮೀರಿದ್ದರೆ ಒಂದೇ ತಾಸು. ಹಾಗಾಗಿ ಎಲ್ಲವನ್ನೂ ಒಮ್ಮೆಲೇ ಹೊರಗಿಡದೆ ಸ್ವಲ್ಪ ಸ್ವಲ್ಪವಾಗಿ ತನ್ನಿ.

ಅಪರೂಪಕ್ಕೆ ಸಾಕು

ರುಚಿ ಹತ್ತಿತೆಂದು ದಿನವೂ ಟಿಫಿನ್ ಡಬ್ಬಿಗೆ ಸಾಸೇಜ್ ಹಾಕಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2015ರಲ್ಲಿ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್‌ಕಾರಕ ಎಂದು ಘೋಷಿಸಿತು. ದಿನಕ್ಕೆ 50 ಗ್ರಾಂನಂತೆ ನಿತ್ಯ ತಿಂದರೆ ಕರುಳಿನ ಕ್ಯಾನ್ಸರ್‌ನ ಸಾಧ್ಯತೆ ಸುಮಾರು ಶೇ. 18ರಷ್ಟು ಹೆಚ್ಚುತ್ತದೆ ಎಂಬುದು ಅದರ ಲೆಕ್ಕ. 50 ಗ್ರಾಂ ಎಂದರೆ ಈ ಪುಟ್ಟ ಸಾಸೇಜ್ ನಾಲ್ಕೈದು ಅಷ್ಟೇ! ಹಬ್ಬ-ಪಾರ್ಟಿಗೆ ಮೂರೋ ನಾಲ್ಕೋ ತಿಂದರೆ ಚಿಂತೆಯಿಲ್ಲ. ರಕ್ತದೊತ್ತಡ ಇರುವವರು ಉಪ್ಪಿನ ಕಡೆ, ಸಕ್ಕರೆ ಕಾಯಿಲೆ ಇರುವವರು ಬೆಲ್ಲದ ಕಡೆ ಗಮನವಿಡಿ.

ಕೊನೆಯದಾಗಿ ಚೀಟಿಯ ಮಾತು. ಎರಡು ತಟ್ಟೆ, ಮೇಜಿನ ಎರಡು ತುದಿ. ಒಂದರ ಮುಂದೆ 'ಚಿಕನ್', ಇನ್ನೊಂದರ ಮುಂದೆ 'ಪನೀರ್-ಆಲೂ' ಎಂದು ದಪ್ಪಗೆ ಬರೆದಿಡಿ. ಕನ್ನಡದಲ್ಲೂ ಇರಲಿ, ಕೊಂಕಣಿಯಲ್ಲೂ ಇರಲಿ. ಕಡ್ಡಿಗಳ ಬಣ್ಣವೂ ಬೇರೆ ಬೇರೆ ಆದರೆ ಇನ್ನೂ ಒಳ್ಳೆಯದು. ಸಾಸ್ ಒಂದೇ, ತಟ್ಟೆ ಎರಡು. ಯಾರೂ ಅನುಮಾನಪಡದೆ, ಯಾರನ್ನೂ ಕೇಳದೆ ಕೈ ಚಾಚಿದರೆ ನಿಮ್ಮ ಪಾರ್ಟಿ ಗೆದ್ದಂತೆ.